ಷರಾ ಕಾಲಮಿನ ನೀರುನಾಯಿಗಳು

ಭಾಷೆ ಒಂದು ನಾಡಿನ ಉಸಿರು. ಶಬ್ದದ ಶುದ್ಧಿಯನ್ನು ಕಾಯುವವನು ಆ ನಾಡನ್ನೇ ಕಾಯುತ್ತಾನೆ. ಪ್ರತಿ ಜೂನ್ ತಿಂಗಳಲ್ಲಿ ಹೊಸ ತರಗತಿಯ ಮುಂದೆ ನಿಂತು ಈ ಮಾತನ್ನು ನಾನು ಗಂಭೀರವಾಗಿ ಹೇಳುತ್ತಿದ್ದೆ. ಆ ಹೊತ್ತಿಗೆ ಹಿಂದಿನ ಸಾಲಿನವರು ಅಡುಗೆ ಕೋಣೆಯ ವಾಸನೆ ಹಿಡಿದು, ಇವತ್ತು ಅನ್ನ ಸಾರೋ ಉಪ್ಪಿಟ್ಟೋ ಎಂದು ಪಿಸುಗುಡುತ್ತಿದ್ದರು. ಅವರ ಅಂದಾಜು ಸಾಮಾನ್ಯವಾಗಿ ಸರಿ ಇರುತ್ತಿತ್ತು. ನನ್ನದರ ಬಗ್ಗೆ ಹಾಗೆ ಹೇಳಲಾರೆ.

ಶಹಾಪುರದಿಂದ ಸುರಪುರಕ್ಕೆ ಹೋಗುವ ರಸ್ತೆಯಿಂದ ಒಳಗೆ, ಕೆನಾಲಿನ ನೀರು ಮುಗಿಯುವ ಕಡೆ ಇರುವ ಒಂದು ಊರಿನ ಸರ್ಕಾರಿ ಶಾಲೆಯಲ್ಲಿ ನಾನು ಕನ್ನಡ ಕಲಿಸುತ್ತಿದ್ದೆ. ವಿಜ್ಞಾನದ ಹುದ್ದೆ ಖಾಲಿ ಇತ್ತು. ಖಾಲಿ ಹುದ್ದೆಯ ಕೆಲಸಗಳು ಶಾಲೆಯಲ್ಲಿ ವಯಸ್ಸಾದವರ ಕಡೆಗೆ ಉರುಳಿ ಬರುತ್ತವೆ. ಹಾಗೆ ಪರಿಸರ ಸಂಘ ನನ್ನ ಪಾಲಿಗೆ ಬಂತು. ಸಮಾಸ ಬಿಡಿಸಬಲ್ಲವನು ಕಪ್ಪೆಯನ್ನೂ ಉಳಿಸಬಲ್ಲ ಎಂದು ಮುಖ್ಯಗುರುಗಳು ನಂಬಿದ್ದರು, ನಾನೂ ವಿರೋಧಿಸಲಿಲ್ಲ. ಆ ವರ್ಷ ಊರಿನ ಕೆಳಗಿನ ಒಂದು ಮಡು, ಅದರಲ್ಲಿದ್ದ ಒಂದು ನೀರುನಾಯಿ ಸಂಸಾರ, ಎರಡೂ ನಮ್ಮ ಸಂಘದ ಕೈಗೆ ಸಿಕ್ಕವು.

ಮೊದಲು ಮೇಲಿನಿಂದ ಸುತ್ತೋಲೆ ಬಂತು. ಮಕ್ಕಳು ತಮ್ಮ ಊರಿನ ಜೌಗು ಪ್ರದೇಶಗಳನ್ನು ಗುರುತಿಸಬೇಕು, ಅಲ್ಲಿ ಅಳಿವಿನಂಚಿನ ಜೀವಿಗಳಿದ್ದರೆ ಪಟ್ಟಿ ಮಾಡಬೇಕು, ಅವುಗಳನ್ನು ರಕ್ಷಿಸುವ ಪ್ರತಿಜ್ಞೆ ಸ್ವೀಕರಿಸಬೇಕು. ಪ್ರತಿಜ್ಞೆ ಸುಲಭ, ಬಲಗೈ ಮುಂದೆ ಚಾಚಿದರಾಯಿತು. ಅದನ್ನು ಮೊದಲು ಮುಗಿಸಿದೆವು. ಆಮೇಲೆ ಎರಡು ಟಂಟಂ ತುಂಬ ಮಕ್ಕಳನ್ನು ಕೂರಿಸಿಕೊಂಡು ಸುರಪುರದ ಆಚೆ ಬೋನಾಳ ಕೆರೆಗೆ ಹಕ್ಕಿ ತೋರಿಸಲು ಹೋದೆ. ಎಲ್ಲರೂ ಏರಿಯ ಮೇಲೆ ಕೂತು ಬೆರಳು ಮಡಚಿ ಎಣಿಸುತ್ತಿದ್ದರು. ಏಳನೆಯ ತರಗತಿಯ ಒಬ್ಬ ಹುಡುಗಿ, ಕುರಿಗಾರರ ಮನೆಯವಳು, ಎಣಿಸದೆ ಸುಮ್ಮನೆ ನಿಂತಿದ್ದಳು.

"ಯಾಕವ್ವಾ, ಹಕ್ಕಿ ಎಣಸಂಗಿಲ್ಲೇನು?"

"ಎಣಸೀನ್ರಿ ಸರ. ನಮ್ಮ ಮಡುವಿನಾಗೂ ಹಕ್ಕಿ ಅವ."

"ಹೌದೇನು?"

"ನಮ್ಮಲ್ಲಿ ನಾಯಿನೂ ಅವ್ರಿ."

"ನಾಯಿ ಎಲ್ಲಾ ಕಡಿ ಇರ್ತಾವ."

"ನೀರಾಗ ಇರ್ತಾವೇನ್ರಿ?" ಎಂದವಳು ತಕ್ಷಣ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಮರುದಿನ ಹಲಗೆಯ ಮೇಲೆ 'ಜೌಗು ಪ್ರದೇಶ' ಎಂದು ದೊಡ್ಡದಾಗಿ ಬರೆದು ತಿರುಗಿದೆ. ಮಕ್ಕಳ ಮುಖದಲ್ಲಿ ಏನೂ ಇರಲಿಲ್ಲ. "ಜೋಗ್ಯಾರು ಇರೋ ಜಾಗಾನ್ರಿ ಸರ?" ಎಂದು ಒಬ್ಬ ಕೇಳಿದ.

ತಪ್ಪು ಅವನದಲ್ಲ. ನಮ್ಮ ಸೀಮೆಯಲ್ಲಿ ಜೌಗು ಎಂಬ ಶಬ್ದ ಪುಸ್ತಕ ಬಿಟ್ಟು ಹೊರಗೆ ಬರುವುದಿಲ್ಲ. ಜವಳು ಎಂಬುದು ಮಾತ್ರ ಎಲ್ಲರ ಬಾಯಲ್ಲಿದೆ. ಕೆನಾಲು ಬಂದ ಮೇಲೆ ಭತ್ತಕ್ಕೆ ನೀರು ಕಟ್ಟಿ ಕಟ್ಟಿ, ತಗ್ಗಿನ ಹೊಲಗಳಲ್ಲಿ ನೀರು ಇಂಗದೆ ನಿಂತು, ಕಾಲಿಟ್ಟರೆ ಮೊಣಕಾಲ ತನಕ ಹೂತುಹೋಗುವ, ಒಣಗಿದರೆ ಬಿಳಿ ಉಪ್ಪು ಮೇಲೇಳುವ ನೆಲಕ್ಕೆ ಜವಳು ಎನ್ನುತ್ತಾರೆ. ಅದು ಹೊಲಕ್ಕೆ ಬರುವ ರೋಗದ ಹೆಸರು. 'ಅವರ ಹೊಲ ಜವಳ ಹಿಡದಾದ' ಎಂದು ದನಿ ತಗ್ಗಿಸಿ ಹೇಳುತ್ತಾರೆ, ಮನೆಯಲ್ಲಿ ಕ್ಷಯ ಇದ್ದವರ ಬಗ್ಗೆ ಹೇಳುವ ಹಾಗೆ. ಇದೆಲ್ಲ ನನಗೆ ಗೊತ್ತಿತ್ತು. ಜೌಗು, ಜವುಗು, ಜವುಳು, ಜವಳು ಎಲ್ಲ ಒಂದೇ ಮನೆತನದ ಶಬ್ದಗಳು ಎಂಬುದೂ ಗೊತ್ತಿತ್ತು. ಎರಡು ತಿಳಿವಳಿಕೆಗಳಲ್ಲಿ ಹೆಚ್ಚು ಪಾಂಡಿತ್ಯದ್ದು ಯಾವುದೋ ಅದನ್ನು ಆರಿಸಿಕೊಂಡೆ.

"ಜೌಗು ಅಂದ್ರ ನಮ್ಮ ಜವಳ" ಎಂದೆ. "ಮನೀಗೆ ಹೋಗಿ, ಊರಾಗ ಜವಳ ಎಲ್ಲೆಲ್ಲಿ ಅದ ಅಂತ ಹಿರಿಯರಿಗೆ ಕೇಳಿ ಬರ್ಕೊಂಡು ಬರ್ರಿ."

ಮಕ್ಕಳ ಮುಖ ಅರಳಿತು. ಎರಡೇ ದಿನದಲ್ಲಿ ಹಾಳೆಗಳು ತುಂಬಿ ಬಂದವು. ಯಾರ ಹೊಲ, ಎಷ್ಟು ಎಕರೆ, ಯಾವ ಸರ್ವೇ ನಂಬರು, ಎಲ್ಲ ಇತ್ತು. ಮನೆಕೆಲಸ ಎಂದರೆ ಹೊಟ್ಟೆನೋವು ಬರುವ ಹುಡುಗರೂ ನಕಾಶೆ ಬರೆದು ತಂದಿದ್ದರು. ಸಂಜೆ ಚಹಾದಂಗಡಿಯ ಮುಂದೆ ಒಬ್ಬ ರೈತರು ನನ್ನನ್ನು ತಡೆದು ನಿಲ್ಲಿಸಿದರು.

"ಮಾಸ್ತರ್ರ, ನಂದೂ ಮೂರೆಕರೆ ಜವಳ ಅದ. ನಿಮ್ಮ ಹುಡುಗರು ಬಿಟ್ಟು ಹೋಗ್ಯಾರ. ನಂಬರ್ ಹೇಳ್ತೀನಿ, ಬರ್ಕೋರಿ."

ಪರಿಸರ ಪ್ರಜ್ಞೆ ಇಷ್ಟು ಬೇಗ ಹೊಲಕ್ಕೆ ಇಳಿಯುತ್ತದೆ ಎಂದು ನಾನು ಎಣಿಸಿರಲಿಲ್ಲ. "ಇದನ್ನ ನಾವು ಉಳಸಬೇಕು" ಎಂದೆ.

"ಉಳಸಲೇಬೇಕ್ರಿ" ಎಂದರು.

ನಾನು ನೀರಿನ ಮಾತು ಆಡಿದ್ದೆ, ಅವರು ಹೊಲದ ಮಾತು ಆಡಿದ್ದರು. ಇಬ್ಬರೂ ಸಂತೋಷದಿಂದ ಚಹಾ ಕುಡಿದು ಎದ್ದೆವು.

ಕುರಿಗಾರರ ಹುಡುಗಿಯ ಹಾಳೆ ಮಾತ್ರ ಖಾಲಿ ಇತ್ತು. ಕೇಳಿದರೆ, "ಮುತ್ಯಾ ಬ್ಯಾಡ ಅಂದಾನ್ರಿ" ಎಂದಳು. ಖಾಲಿ ಹಾಳೆ ನಾನು ಸಹಿಸದ ವಸ್ತು. ಅವತ್ತೇ ಅವಳ ಮುತ್ಯಾನ, ಅಂದರೆ ಅಜ್ಜನ, ಹಟ್ಟಿಗೆ ಹೋದೆ. ಆತ ಒಂದು ಕುರಿಯ ಗೊರಸು ಹಿಡಿದು ಮುಳ್ಳು ತೆಗೆಯುತ್ತಿದ್ದ; ನನಗಿಂತ ಹತ್ತು ವರ್ಷ ದೊಡ್ಡವನು, ತಲೆ ಎತ್ತಲಿಲ್ಲ.

"ಕಾಕಾ, ಹುಡುಗಿ ಹಾಳಿ ಖಾಲಿ ತಂದಾಳ."

"ಖಾಲಿ ಇರ್ಲಿ ಬಿಡ್ರಿ ಮಾಸ್ತರ. ಖಾಲಿ ಇದ್ರ ಯಾರಿಗೂ ತ್ರಾಸಿಲ್ಲ."

"ಇದು ಸರ್ಕಾರದ ಕೆಲಸ ಅದ."

"ಅದಕ್ಕ ಬ್ಯಾಡ ಅಂದೆ."

ನಾನು ಕದಲಲಿಲ್ಲ. ರಕ್ಷಣೆ, ಕಾನೂನು, ಮುಂದಿನ ಪೀಳಿಗೆ ಎಂದು ಒಂದು ತಾಸಿನ ಪಾಠ ಮಾಡಿದೆ. ಕುರಿಗಳು ಕೇಳಿಸಿಕೊಂಡವು. ಕೊನೆಗೆ ಮುದುಕ ಮುಳ್ಳನ್ನು ಬದಿಗೆ ಎಸೆದು, "ನಾಳಿ ಹೊತ್ತು ಹುಟ್ಟೋದ್ರಾಗ ಬರ್ರಿ. ಒಂದ್ಸಲ ನೋಡಿದ್ರ ನೀವೂ ಸುಮ್ಮನಿರ್ತೀರಿ" ಎಂದ.

ಕೆನಾಲಿನ ಬಸಿ ನೀರು ಹಳ್ಳಕ್ಕೆ ಸೇರುವ ತಗ್ಗಿನಲ್ಲಿ ಆ ಮಡು ಇತ್ತು. ಆಳೆತ್ತರದ ಆಪಿನ ಹುಲ್ಲು ಸುತ್ತ ಬೆಳೆದು, ದಾರಿಯಿಂದ ನೋಡಿದರೆ ನೀರಿದೆ ಎಂದೇ ಗೊತ್ತಾಗುತ್ತಿರಲಿಲ್ಲ. ನಾವು ಮೂವರು ಒಂದು ಜಾಲಿಯ ಕೆಳಗೆ ಕೂತೆವು. ಅವರ ಮನೆಯಲ್ಲಿ ಒಂದು ಪದ್ಧತಿಯಿತ್ತು: ಆ ಪ್ರಾಣಿಯ ಹೆಸರು ಹೇಳುವುದಿಲ್ಲ, ಅದು ಇರುವ ಕಡೆ ಬೆರಳು ತೋರಿಸುವುದಿಲ್ಲ. ಹುಡುಗಿ ಗದ್ದ ಮಾತ್ರ ಎತ್ತಿ, "ಅವರು ಎದ್ದಾರ" ಎಂದಳು.

ಒಂದು ಸಿಳ್ಳು ಕೇಳಿಸಿತು. ಆಮೇಲೆ ನೀರಿನ ಮೇಲೆ ಚಪ್ಪಟೆ ತಲೆ, ಮೀಸೆ. ಅದರ ಹಿಂದೆ ಇನ್ನೊಂದು. ದೊಡ್ಡದು ದಂಡೆಗೆ ಏರಿ ಮೀನಿನ ತಲೆಯನ್ನು ಕರಕರನೆ ಕಡಿಯತೊಡಗಿತು. ನಾವಿದ್ದಲ್ಲಿಗೆ ಆ ಸದ್ದು ಹಪ್ಪಳ ಮುರಿದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ಆಪಿನ ಬುಡದ ಗುದ್ದಿನಿಂದ ಮೂರು ಮರಿಗಳು ಹೊರಬಂದು ತಾಯಿಯ ಬಾಲದ ಮೇಲೆ ಬಿದ್ದವು. ಕೃಷ್ಣಾ ನದಿಯಿಂದ ಹಳ್ಳ ಹಿಡಿದು ಬಂದವಿರಬೇಕು. ಪುಸ್ತಕದಲ್ಲಿ ಅಳಿವಿನಂಚಿನ ಪ್ರಾಣಿ ಎಂದು ಒಂದು ಸಾಲಿನಲ್ಲಿ ನಾನು ಕಲಿಸಿ ಮುಗಿಸಿದ್ದ ಇವು ಇಷ್ಟು ಗಲಾಟೆಯವು ಎಂದು ಯಾರೂ ಬರೆದಿರಲಿಲ್ಲ.

"ಮಂದಿಗೆ ಗೊತ್ತಾದ್ರ ಉರುಲು ಹಾಕ್ತಾರ" ಎಂದ ಮುದುಕ. "ತೊಗಲಿಗೆ ಹಾಕೋರು ಅದಾರ. ಮೀನು ತಿಂತಾವ ಅಂತ ಹಾಕೋರೂ ಅದಾರ. ಇದು ಕಾಗದದಾಗ ಬರಬಾರದು, ಮಾಸ್ತರ."

ಅಲ್ಲಿಗೆ ನಾನು ಸುಮ್ಮನಿರಬೇಕಿತ್ತು. ಮುದುಕ ಹೇಳಿದಂತೆ ನೋಡಿಯೂ ಆಗಿತ್ತು. ಆದರೆ ಕಾಗದದ ಮೇಲಿನ ನನ್ನ ನಂಬಿಕೆ ಅಂಥಿಂಥದ್ದಲ್ಲ. ಶಾಲೆಗೆ ಹೋಗಿ ಹುಡುಗಿಯನ್ನು ಕೂರಿಸಿಕೊಂಡು, "ಕಾಗದದಾಗ ಬಂದ್ರನ ರಕ್ಷಣಾ. ಬರಲಿಲ್ಲಂದ್ರ ಅವು ಇದ್ದೂ ಇಲ್ಲದಂಗ. ಒಮ್ಮೆ ಬಂತಂದ್ರ ಯಾರೂ ಮುಟ್ಟಂಗಿಲ್ಲ, ನಾ ಅದೀನಿ" ಎಂದೆ. ಅವಳು ಬಹಳ ಹೊತ್ತು ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಳು. ಕೊನೆಗೆ ದುಂಡು ಅಕ್ಷರದಲ್ಲಿ ಬರೆದಳು: 'ಮಡು. ಆಪು ಇದೆ. ನೀರುನಾಯಿ ಎರಡು, ಮರಿ ಮೂರು.' ಬರೆದ ಮೇಲೆ, "ಮುತ್ಯಾಗ ಹೇಳಬ್ಯಾಡ್ರಿ" ಎಂದಳು.

ಎಲ್ಲ ಹಾಳೆಗಳನ್ನು ಸೇರಿಸಿ ನಾನೇ ಪಟ್ಟಿ ತಯಾರಿಸಿದೆ. ಶೀರ್ಷಿಕೆ, 'ನಮ್ಮ ಗ್ರಾಮದ ಜವಳು ಪ್ರದೇಶಗಳ ವಿವರ'. ಒಂದು ಪಟ್ಟಿಯಲ್ಲಿ ಒಂದೇ ಶಬ್ದ ಇರಬೇಕೆಂಬುದು ನನ್ನ ಶಿಸ್ತು. ಹುಡುಗಿ ಬರೆದ 'ಮಡು' ಎಂಬುದನ್ನು ಹೊಡೆದು 'ಜವಳು' ಎಂದು ತಿದ್ದಿದೆ. ನೀರುನಾಯಿಗಳನ್ನು ಕೊನೆಯ ಷರಾ ಕಾಲಮಿಗೆ ಸರಿಸಿದೆ. ಕೆಳಗೆ, 'ಸದರಿ ಜವಳು ಪ್ರದೇಶಗಳ ಕುರಿತು ತುರ್ತಾಗಿ ಸೂಕ್ತ ಕ್ರಮ ಜರುಗಿಸಬೇಕೆಂದು ಮಕ್ಕಳ ಪರವಾಗಿ ವಿನಂತಿ' ಎಂದು ಬರೆದು, ಸಹಿ ಮಾಡಿ, ಶಾಲೆಯ ಮೊಹರು ಒತ್ತಿ, ಶಹಾಪುರಕ್ಕೆ ಹೋಗಿ ತಾಲೂಕು ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು ಬಂದೆ. ಒಂದೂ ಕಾಗುಣಿತ ತಪ್ಪು ಇರಲಿಲ್ಲ.

ಎಂಟು ದಿನದಲ್ಲಿ ಜನ ಬಂದರು. ನನ್ನ ಇಡೀ ನೌಕರಿಯಲ್ಲಿ ಯಾವ ಅರ್ಜಿಗೂ ಎಂಟು ದಿನದಲ್ಲಿ ಯಾರೂ ಬಂದಿರಲಿಲ್ಲ. ಆಗಲೇ ಹೆದರಬೇಕಿತ್ತು. ಹೆದರುವ ಬದಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದೆ. ಬಂದವರು ಮೂರು ಕಾಲಿನ ದುರ್ಬೀನು ಇಟ್ಟು ಹೊಲ ಹೊಲ ಅಳೆದರು, ಮಡುವಿನ ಕಡೆಗೂ ಹೋದರು. ಅವರು ಹೋದ ಮೇಲೆ ನೆಲದಲ್ಲಿ ಸುಣ್ಣ ಬಳಿದ ಕಲ್ಲುಗಳು ಉಳಿದವು, ಒಂದೊಂದರ ಮೇಲೂ ಕೆಂಪು ಅಂಕಿ.

"ಇವು ಗಡಿ ಕಲ್ಲು. ಇನ್ನ ಬೇಲಿ ಬರ್ತದ" ಎಂದು ತರಗತಿಯಲ್ಲಿ ಘೋಷಿಸಿದೆ.

ಹುಡುಗಿ ಎದ್ದು ನಿಂತಳು. "ಸರ, ಬೇಲಿ ಹಾಕೋರು ಸುತ್ತ ಕಲ್ಲು ಇಡಬೇಕಲ್ರಿ? ಇವರು ಮಡುವಿನ ದಂಡಿಯಿಂದ ಹಳ್ಳದ ತನಕ ಒಂದ ಸಾಲು ಇಟ್ಟಾರ."

"ಅದು ಸರ್ಕಾರದ ಪದ್ಧತಿ. ಕೂಡು."

ಅವಳು ಕೂತಳು. ಆಮೇಲಿನ ದಿನಗಳಲ್ಲಿ ಅವಳು ಶಾಲೆಗೆ ಬರುವ ಮೊದಲು ಮಡುವಿಗೆ ಹೋಗಿ ಬರುತ್ತಿದ್ದಳು. ನನ್ನ ಎದುರು ಬಂದಾಗ ಬೆರಳುಗಳಲ್ಲಿ ಲೆಕ್ಕ ತೋರಿಸುವಳು: ಐದು. ಮರುದಿನ ಐದು. ಕಲ್ಲಿನ ವಾಸನೆಗೋ ಏನೋ ಅವು ಈಗ ನಸುಕಿನಲ್ಲಿ ಒಮ್ಮೆ ಕಂಡರೆ ಆಯಿತು, ಹಗಲು ಹೊರಗೆ ಬರುತ್ತಿರಲಿಲ್ಲವಂತೆ. ಸಿಳ್ಳು ಮಾತ್ರ ಆಪಿನ ಒಳಗಿನಿಂದ ಕೇಳುತ್ತಿತ್ತಂತೆ.

ಕೆನಾಲಿನ ನೀರು ಬಂದ್ ಆದ ವಾರ ಎರಡು ಟ್ರ್ಯಾಕ್ಟರುಗಳು ಕಪ್ಪು ಕೊಳವೆಗಳ ದೊಡ್ಡ ದೊಡ್ಡ ಸುರುಳಿಗಳನ್ನು ತಂದು ದಂಡೆಗೆ ಸುರಿದವು. ಮೈತುಂಬ ತೂತುಗಳಿದ್ದ ಕೊಳವೆ. ಚಹಾದಂಗಡಿಯ ಮುಂದೆ ಸಿಕ್ಕ ಅದೇ ರೈತರು ಶಾಲೆಯ ಗೇಟಿನ ತನಕ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಮಾಸ್ತರ್ರ, ಎಷ್ಟ ವರ್ಷ ಅಡ್ಡಾಡಿದ್ರೂ ಆಗಿದ್ದಿಲ್ಲ. ನಿಮ್ಮ ಒಂದ ಅರ್ಜಿಗೆ ಬಸಿಗಾಲುವೆ ಬಂತು. ಜವಳ ಹೋಯ್ತಂದ್ರ ನಮ್ಮ ಹೊಲ ಉಳೀತು. ಎಲ್ಲಾ ನೀರು ಎಳದು ಹಳ್ಳಕ್ಕ ಬಿಡ್ತಾರಂತ."

ಅವರ ಅಂಗೈ ಒರಟಾಗಿತ್ತು, ಕಣ್ಣು ತುಂಬಿತ್ತು. ಆ ಹೊಲ ಅವರಿಗೆ ಎಷ್ಟೋ ವರ್ಷದಿಂದ ಬರೀ ಕೆಸರು ಕೊಟ್ಟಿತ್ತು. "ಚಲೋ ಆಯ್ತು" ಎಂದೆ. ನನ್ನ ಕಾಲ ಕೆಳಗಿನ ನೆಲ ಗಟ್ಟಿಯೇ ಇತ್ತು, ಆದರೂ ಜವಳಿನಲ್ಲಿ ನಿಂತ ಹಾಗಾಯಿತು.

ಮುಂದಿನ ಬಸ್ಸಿಗೇ ಶಹಾಪುರಕ್ಕೆ, ನನ್ನ ಅರ್ಜಿ ಹೋಗಿ ಸೇರಿದ್ದ ನೀರಾವರಿ ಕಚೇರಿಗೆ ಹೋದೆ. ಕಡತ ನೋಡುವ ಗುಮಾಸ್ತರು ನನ್ನನ್ನು ಎದ್ದು ನಿಂತು ಬರಮಾಡಿಕೊಂಡರು. "ನಿಮ್ಮ ಅರ್ಜಿ ಭಾಳ ಚಲೋ ಅದ್ರಿ ಸರ್. ಸರ್ವೇ ನಂಬರ್ ಸಮೇತ. ಇಂಥ ವಿವರ ನಮ್ಮವರೂ ಕೊಡಂಗಿಲ್ಲ."

"ಅದರಾಗ ಕೊನೀದು ಜವಳ ಅಲ್ರಿ. ಜೌಗು."

"ಜವಳ ಅಂತ ಬರದೀರಲ್ರಿ."

"ಜವಳ ಅಂದ್ರ ಇಲ್ಲಿ ಜೌಗು ಅಂತ ಅರ್ಥ."

"ಹಂಗಂತ ಯಾರು ಅಂದ್ರು?"

"ನಾನ ಅಂದೆ."

"ಮತ್ತ ನಮಗ್ಯಾಕ ಕೇಳ್ತೀರಿ ಸರ್?"

"ಅಲ್ಲಿ ನೀರುನಾಯಿ ಅವ ಅಂತ ಷರಾದಾಗ ಸ್ವಚ್ಛ ಬರದೀನಿ."

ಅವರು ಕಡತ ತಿರುವಿದರು, ಪಾಪ, ನಿಜವಾದ ಕಾಳಜಿಯಿಂದಲೇ. ನನ್ನ ಪಟ್ಟಿಯನ್ನು ಅವರ ನಮೂನೆಗೆ ಇಳಿಸಿಕೊಂಡಿದ್ದರು. "ನಮ್ಮ ನಮೂನೆದಾಗ ಷರಾ ಕಾಲಂ ಇಲ್ರಿ" ಎಂದರು. ಕಡತದ ಮಂಜೂರಾತಿ ಮೇಲಿನವರಿಂದ ಆಗಿದೆ, ತಡೆಯುವುದಿದ್ದರೆ ಯಾದಗಿರಿಗೆ ಹೋಗಬೇಕು ಎಂದರು.

ಯಾದಗಿರಿಯಲ್ಲಿ ಕಾಡುಪ್ರಾಣಿಗಳ ಉಸ್ತುವಾರಿಯ ಕಚೇರಿ ಹುಡುಕಿಕೊಂಡು ಹೋದೆ. ಅಲ್ಲಿನ ಯುವಕ ನಮ್ಮ ಊರಿನ ಹೆಸರು ಕೇಳಿ ಕಂಪ್ಯೂಟರ್ ನೋಡಿದ. "ನಿಮ್ಮ ಊರಾಗ ಜೌಗು ಪ್ರದೇಶ ಇಲ್ಲ ಸರ್. ಇರೋದೆಲ್ಲ ಜವಳ. ಶಾಲಿಯಿಂದನ ವರದಿ ಬಂದದ. ಜವಳ ನಮಗ ಬರಂಗಿಲ್ಲ, ನೀರಾವರಿಯವರಿಗೆ ಬರ್ತದ." ನೀರುನಾಯಿಯ ಫೋಟೋ ಇದೆಯೇ ಎಂದು ಕೇಳಿದ. ಬೆರಳನ್ನೇ ತೋರಿಸದ ಮನೆಯವರ ಎದುರು ನಾನು ಮೊಬೈಲ್ ಹೊರಗೆ ತೆಗೆದಿರಲಿಲ್ಲ. ಬರೆದು ಕೊಡಿ, ಮುಂದಿನ ವಾರ ಬಂದು ನೋಡುತ್ತೇವೆ ಎಂದ. ಬರೆದು ಕೊಟ್ಟೆ. ಈ ಸಲ ಎಲ್ಲಾ ಶಬ್ದಗಳನ್ನೂ ಬರೆದೆ: ಜೌಗು, ಮಡು, ಕೊಳ್ಳ, ನೀರು ನಿಂತ ಜಾಗ.

ತಿರುಗಿ ಬರುವಾಗ ಶಹಾಪುರ ದಾಟಿದ ಮೇಲೆ ನಮ್ಮ ಬಸ್ಸಿನ ಮುಂದೆ ಒಂದು ಹಳದಿ ಜೆಸಿಬಿ ಕೈ ಮಡಚಿಕೊಂಡು ನಿಧಾನವಾಗಿ ಹೋಗುತ್ತಿತ್ತು. ಡ್ರೈವರ್ ಎಷ್ಟು ಹಾರನ್ ಹೊಡೆದರೂ ಅದು ದಾರಿ ಬಿಡಲಿಲ್ಲ. ನಮ್ಮ ಊರಿನ ಕ್ರಾಸಿನಲ್ಲಿ ನಾನು ಇಳಿದೆ. ಅದೂ ಅಲ್ಲೇ ತಿರುಗಿತು.

ಮರುದಿನ ಬೆಳಿಗ್ಗೆ ನಾನು ಮಡುವಿನ ದಂಡೆಗೆ ಹೋಗುವ ಹೊತ್ತಿಗೆ ಹುಡುಗಿಯೂ ಅವಳ ಮುತ್ಯಾನೂ ಬಂದಿದ್ದರು. ಮುದುಕ ನನ್ನ ಕಡೆ ನೋಡಲಿಲ್ಲ. ಕುರಿಗಳನ್ನು ಆಪಿನ ಕಡೆಯಿಂದ ಹೊರಳಿಸುತ್ತಿದ್ದ. ಜೆಸಿಬಿಯವನು ಶಹಾಪುರದ ಸಾಬರ ಹುಡುಗ, ಮರ್ಯಾದೆಯವನು. ನಾನು ಅಡ್ಡ ನಿಂತದ್ದಕ್ಕೆ ಇಳಿದು ಬಂದು ಪ್ಲಾಸ್ಟಿಕ್ ಚೀಲದಿಂದ ಕಾಗದ ತೆಗೆದು ತೋರಿಸಿದ. ಕೊನೆಯ ಪುಟ ನನ್ನ ಅರ್ಜಿಯ ನಕಲು; ಮೊಹರು ಸ್ಪಷ್ಟವಾಗಿ ಮೂಡಿತ್ತು.

"ಮೈ ಕ್ಯಾ ಕರೂಂ ಸರ್, ಕಾಗಜ್ ತೋ ಆಪಕಾಚ್ ಹೈ" ಎಂದ. ಆಮೇಲೆ ನನ್ನ ಮುಖ ನೋಡಿ, ಕನ್ನಡಕ್ಕೆ ಬಂದ. "ಕಾಗದ ನಿಮ್ಮದ ಅದ, ನಾ ಏನ್ ಮಾಡ್ಲಿ? ಇವತ್ತು ಜುಮ್ಮಾ ಅದ. ನಮಾಜ್ ಮುಗಿಸ್ಕೊಂಡು ಮಧ್ಯಾಹ್ನಕ್ಕ ಬರ್ತೀನಿ. ಅಷ್ಟರಾಗ ನಿಮ್ಮ ಜಾನವರ್ ಏನವ, ಹೊರಗ ತಗೀರಿ. ಅದಕ್ಕಿಂತ ಹೆಚ್ಚು ನನ್ನ ಕೈಯಾಗಿಲ್ಲ."

ಮುದುಕ ಆಗ ಮೊದಲ ಸಲ ಬಾಯಿಬಿಟ್ಟ. "ಅವರಿಗೆ ಯಾರು ಹೇಳಬೇಕು? ಅರ್ಜಿ ಬರೀತೀರೇನು?"

ನಾನು ಎರಡೂ ಕಚೇರಿಗಳಿಗೆ ಫೋನ್ ಹಚ್ಚಿದೆ. ಒಂದು ಎತ್ತಲಿಲ್ಲ, ಇನ್ನೊಂದು ಎತ್ತಿ ಮುಂದಿನ ವಾರ ಎಂದಿತು. ಊಟದ ಬಿಡುವಿನಲ್ಲಿ ತರಗತಿಯ ಮಕ್ಕಳೆಲ್ಲ ಓಡಿಬಂದು ದಂಡೆಯ ಮೇಲೆ ಸಾಲಾಗಿ ನಿಂತರು. ಆಚೆ ದಂಡೆಯಲ್ಲಿ ಹೊಲದವರು ತೆಂಗಿನಕಾಯಿ, ಊದುಬತ್ತಿ ಹಿಡಿದು ನಿಂತಿದ್ದರು. ಕೆಲವರು ಇದೇ ಮಕ್ಕಳ ಅಪ್ಪಂದಿರು. ಗಾಳಿ ಇರಲಿಲ್ಲ. ಆದರೂ ಆಪು ಒಂದು ಕಡೆ ಅಲ್ಲಾಡಿ ನಿಂತಿತು.

"ಸರ, ಪ್ರತಿಜ್ಞೆ ಮಾಡೋಣೇನ್ರಿ?" ಎಂದು ಒಬ್ಬ ಹುಡುಗ ಕೇಳಿದ.

"ಬ್ಯಾಡ" ಎಂದೆ.

ಹುಡುಗಿ ನನ್ನ ಪಕ್ಕಕ್ಕೆ ಬಂದು ನಿಂತಳು. ಮಡುವನ್ನೇ ನೋಡುತ್ತಿದ್ದಳು. "ಸರ, ನಾ ಜವಳ ಅಂತ ಬರದಿದ್ದಿಲ್ರಿ."

"ಗೊತ್ತವ್ವಾ."

"ಮಡು ಅಂತ ಬರದಿದ್ದೆ."

"ಹೌದು."

"ಅದು ತಪ್ಪಿತ್ತೇನ್ರಿ?"

ಮೂವತ್ತೊಂದು ವರ್ಷ ಸರಿ ತಪ್ಪು ಹೇಳಿದ ಬಾಯಿ ಇದು. "ಇಲ್ಲ, ಸರಿ ಇತ್ತು" ಎಂದು ಹೇಳಲು ಬಹಳ ಹೊತ್ತು ಹಿಡಿಯಿತು. ಅಷ್ಟರಲ್ಲಿ ಜೆಸಿಬಿಯ ಸದ್ದು ಶುರುವಾಗಿ, ಅವಳಿಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ.

ಅವನು ಹಳ್ಳದ ಕಡೆಯಿಂದ ಅಗೆಯುತ್ತ ಬಂದ. ಆ ಕಡೆಯಿಂದ ಮಾತ್ರ ಅವು ನದಿಗೆ ಹೋಗಬಹುದಿತ್ತು. ಅದನ್ನು ಮುದುಕ ಕೂಗಿ ಹೇಳಿದ. ಎಂಜಿನ್ನಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಸಂಜೆಯ ಹೊತ್ತಿಗೆ ದಂಡೆ ಒಡೆಯಿತು. ನೀರು ಮೊದಲು ಬೆರಳು ಗಾತ್ರ ಹರಿಯಿತು, ಆಮೇಲೆ ತೊಡೆ ಗಾತ್ರ. ಆಪಿನ ಒಳಗಿನಿಂದ ಸಿಳ್ಳು ಕೇಳಿಸಿತು, ಉದ್ದಕ್ಕೆ, ನಡುವೆ ಬಿಟ್ಟು ಬಿಟ್ಟು. ಮಕ್ಕಳು ಅದು ಯಾವ ಹಕ್ಕಿ ಎಂದು ಕೇಳಿದರು. ಹುಡುಗಿಯೂ ಹೇಳಲಿಲ್ಲ, ನಾನೂ ಹೇಳಲಿಲ್ಲ.

ಮಡು ಆರು ದಿನದಲ್ಲಿ ಬಸಿದುಹೋಯಿತು. ಕೆಸರಿನಲ್ಲಿ ಹಳ್ಳದ ಕಡೆಗೆ ಎರಡು ದೊಡ್ಡ ಪ್ರಾಣಿಗಳ ಹೆಜ್ಜೆ ಇತ್ತು, ಒಂದು ಮರಿಯದು ಇತ್ತು. ಯಾದಗಿರಿಯವರು ಮುಂದಿನ ವಾರ ಬಂದು ನೋಡಿ, ಜೌಗು ಪ್ರದೇಶ ಇಲ್ಲ ಎಂದು ಬರೆದುಕೊಂಡು ಹೋದರು. ಅಲ್ಲಿ ಈಗ ಹತ್ತಿ ಬೆಳೆಯುತ್ತಾರೆ.